ರೆಡಾಕ್ಸ್ ಸಮೀಕರಣ ಸರಿದೂಗಿಸುವುದು ಹೇಗೆ? ಉತ್ಕರ್ಷಣ ಸಂಖ್ಯೆಯಿಂದ ಅರ್ಧ ಕ್ರಿಯೆಯವರೆಗೆ, ಹಂತ ಹಂತವಾಗಿ

ಒಂದು ವಸ್ತು ಎಲೆಕ್ಟ್ರಾನ್ ಕೊಟ್ಟು ಇನ್ನೊಂದು ತೆಗೆದುಕೊಳ್ಳುವ ಕ್ರಿಯೆಯೇ ರೆಡಾಕ್ಸ್. ಪಿಯುಸಿ ರೆಡಾಕ್ಸ್ ಪಾಠದಲ್ಲಿ ಜಾಸ್ತಿ ಜನ ಎಡವುವುದು ಒಂದೇ ಜಾಗದಲ್ಲಿ. ನಿಯಮಗಳೆಲ್ಲ ಬಾಯಿಪಾಠ ಇರುತ್ತವೆ. ಆದರೆ ಡೈಕ್ರೋಮೇಟ್ ಲೆಕ್ಕ ಬಂದ ಕೂಡಲೇ ಎಲೆಕ್ಟ್ರಾನ್ 3 ಬರೆಯಬೇಕೋ 6 ಬರೆಯಬೇಕೋ ತಿಳಿಯದೆ ಪೆನ್ನು ನಿಂತುಬಿಡುತ್ತದೆ. ಬುದ್ಧಿ ಸಾಲದ್ದಕ್ಕೆ ಹೀಗಾಗುವುದಲ್ಲ, ಹಂತಗಳ ಕ್ರಮ ತಪ್ಪಿದ್ದಕ್ಕೆ ಆಗುವುದು. ಪರಮಾಣುಗಳನ್ನು ಸರಿಮಾಡುವ ಮೊದಲೇ ಎಲೆಕ್ಟ್ರಾನ್ ಬರೆಯಲು ಹೋದರೆ ಯಾರಿಗಾದರೂ ಗೊಂದಲವೇ.

ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಎಲೆಕ್ಟ್ರಾನ್ ಎಷ್ಟು ಅನ್ನುವುದನ್ನು ಎರಡು ದಾರಿಯಲ್ಲಿ ಕಂಡುಹಿಡಿಯಬಹುದು. ಉತ್ಕರ್ಷಣ ಸಂಖ್ಯೆ (ನಿಯಮಗಳ ಪ್ರಕಾರ ಒಂದೊಂದು ಪರಮಾಣುವಿಗೆ ಲೆಕ್ಕ ಹಾಕಿ ಕೊಡುವ ಚಾರ್ಜ್) ಎಷ್ಟು ಬದಲಾಯಿತು ಎಂದು ನೋಡುವುದು ಒಂದು ದಾರಿ. ಎರಡೂ ಬದಿಯ ಚಾರ್ಜ್ ಕೂಡಿ ನೋಡುವುದು ಇನ್ನೊಂದು. ಎರಡೂ ದಾರಿಯಲ್ಲಿ ಒಂದೇ ಉತ್ತರ ಬರಬೇಕು. ಬರದಿದ್ದರೆ ಮುಂದಿನ ಸಾಲಿಗೆ ಹೋಗಬೇಡಿ.

## ಶುರು ಮಾಡುವ ಮೊದಲು

ಆವರ್ತಕ ಕೋಷ್ಟಕ, ಎರಡು ಬಣ್ಣದ ಪೆನ್ನು, ಗೆರೆ ಇಲ್ಲದ ಹಾಳೆ ಇದ್ದರೆ ಸಾಕು. ಒಂದು ಬಣ್ಣವನ್ನು ಎಲೆಕ್ಟ್ರಾನ್‌ಗೇ ಮೀಸಲಿಡಿ. ಕೊನೆಯಲ್ಲಿ ಆ ಬಣ್ಣ ಉತ್ತರದಲ್ಲಿ ಎಲ್ಲಾದರೂ ಉಳಿದಿದ್ದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಕೆಲವು ಅಯಾನುಗಳು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಗೊತ್ತಿರಬೇಕು:

- ಪರ್ಮ್ಯಾಂಗನೇಟ್: 1 ಮ್ಯಾಂಗನೀಸ್, 4 ಆಕ್ಸಿಜನ್, ಚಾರ್ಜ್ −1
- ಡೈಕ್ರೋಮೇಟ್: 2 ಕ್ರೋಮಿಯಂ, 7 ಆಕ್ಸಿಜನ್, ಚಾರ್ಜ್ −2
- ಆಕ್ಸಲೇಟ್: 2 ಕಾರ್ಬನ್, 4 ಆಕ್ಸಿಜನ್, ಚಾರ್ಜ್ −2
- ನೈಟ್ರೇಟ್: 1 ನೈಟ್ರೋಜನ್, 3 ಆಕ್ಸಿಜನ್, ಚಾರ್ಜ್ −1
- ಥಯೋಸಲ್ಫೇಟ್: 2 ಸಲ್ಫರ್, 3 ಆಕ್ಸಿಜನ್, ಚಾರ್ಜ್ −2

ಚಾರ್ಜ್ ಮರೆತರೆ ಮುಂದಿನ ಲೆಕ್ಕ ಅಷ್ಟೂ ದಾರಿ ತಪ್ಪುತ್ತದೆ. ಕೆಳಗಿನ ಸಮೀಕರಣಗಳನ್ನು ಹೆಸರುಗಳಲ್ಲೇ ಕೊಟ್ಟಿದ್ದೇನೆ. ನೀವು ಪ್ರತಿಯೊಂದನ್ನೂ ಹಾಳೆಯ ಮೇಲೆ ಸಂಕೇತದಲ್ಲಿ ಬರೆದುಕೊಳ್ಳುತ್ತಾ ಬನ್ನಿ. ಸುಮ್ನೆ ಓದಿಕೊಂಡು ಹೋದರೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ.

## ಹಂತ 1: ಉತ್ಕರ್ಷಣ ಸಂಖ್ಯೆ ಹಾಕುವುದು

ನಿಯಮಗಳನ್ನು ಈ ಕ್ರಮದಲ್ಲೇ ಬಳಸಿ. ಮೊದಲ ಆರರಲ್ಲಿ ಎರಡು ನಿಯಮಗಳು ಒಂದಕ್ಕೊಂದು ಹೊಂದದಿದ್ದರೆ ಮೇಲಿನದೇ ಗೆಲ್ಲುತ್ತದೆ. ಏಳನೆಯದನ್ನು ಮಾತ್ರ ಯಾವಾಗಲೂ ಪಾಲಿಸಲೇಬೇಕು.

1. ಒಂಟಿ ಧಾತುವಿಗೆ ಸೊನ್ನೆ. ಕ್ಲೋರಿನ್ ಅನಿಲ, ತಾಮ್ರದ ತಂತಿ, ಗಂಧಕ ಎಲ್ಲಕ್ಕೂ ಅಷ್ಟೇ.
2. ಒಂದೇ ಪರಮಾಣುವಿನ ಅಯಾನಿಗೆ ಅದರ ಚಾರ್ಜೇ ಸಂಖ್ಯೆ.
3. ಸಂಯುಕ್ತದಲ್ಲಿ ಫ್ಲೋರಿನ್ ಯಾವಾಗಲೂ −1.
4. ಮೊದಲ ಗುಂಪಿನ ಲೋಹಗಳು +1, ಎರಡನೇ ಗುಂಪಿನವು +2, ಅಲ್ಯೂಮಿನಿಯಂ +3.
5. ಹೈಡ್ರೋಜನ್ +1.
6. ಆಕ್ಸಿಜನ್ −2.
7. ಎಲ್ಲ ಕೂಡಿದರೆ ಅಣುವಿಗೆ ಸೊನ್ನೆ ಬರಬೇಕು, ಅಯಾನಿಗೆ ಅದರ ಚಾರ್ಜ್ ಬರಬೇಕು.

ಈ ಕ್ರಮ ಇಟ್ಟುಕೊಂಡರೆ ಅಪವಾದಗಳ ಪಟ್ಟಿಯನ್ನು ಬಹುಪಾಲು ಉರು ಹೊಡೆಯಬೇಕಿಲ್ಲ. ಸೋಡಿಯಂ ಹೈಡ್ರೈಡ್ ತೆಗೆದುಕೊಳ್ಳಿ. ಸೋಡಿಯಂ ಮೇಲಿದೆ, ಅದಕ್ಕೆ +1 ಕೊಟ್ಟಾಯಿತು. ಒಟ್ಟು ಸೊನ್ನೆ ಬರಬೇಕಾದ್ದರಿಂದ ಹೈಡ್ರೋಜನ್‌ಗೆ ಉಳಿಯುವುದು −1. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹೈಡ್ರೋಜನ್ ಮೊದಲು, ಎರಡಕ್ಕೂ ಸೇರಿ +2. ಎರಡು ಆಕ್ಸಿಜನ್‌ಗಳು ಆ 2 ಅನ್ನು ಹಂಚಿಕೊಂಡು ತಲಾ −1 ಆಗುತ್ತವೆ. ಒಂದು ಆಕ್ಸಿಜನ್, ಎರಡು ಫ್ಲೋರಿನ್ ಇರುವ ಸಂಯುಕ್ತದಲ್ಲಿ ಫ್ಲೋರಿನ್ ಮೊದಲು ಬರುವುದರಿಂದ ಆಕ್ಸಿಜನ್ +2 ಆಗಿಬಿಡುತ್ತದೆ.

ಈಗ ಡೈಕ್ರೋಮೇಟ್. ಕ್ರೋಮಿಯಂ ಸಂಖ್ಯೆ ಗೊತ್ತಿಲ್ಲ, ಅದನ್ನು "ಕ" ಅನ್ನೋಣ. ಎರಡು ಕ್ರೋಮಿಯಂ, ಏಳು ಆಕ್ಸಿಜನ್:

2ಕ + 7 × (−2) = −2
2ಕ = +12
ಕ = +6

ಇಲ್ಲಿ ಎರಡು ತಪ್ಪು ಸದಾ ಆಗುತ್ತವೆ. ಬಲಗಡೆ −2 ಬದಲು ಸೊನ್ನೆ ಬರೆಯುವುದು ಒಂದು. +12 ಬಂದ ಕೂಡಲೇ ನಿಲ್ಲಿಸಿ, ಎರಡರಿಂದ ಭಾಗಿಸದೇ ಬಿಡುವುದು ಇನ್ನೊಂದು. ಉತ್ಕರ್ಷಣ ಸಂಖ್ಯೆ ಒಂದು ಪರಮಾಣುವಿನ ಲೆಕ್ಕ. ಚಾರ್ಜ್ ಇಡೀ ಅಯಾನಿನ ಲೆಕ್ಕ. ಬರೆಯುವಾಗಲೂ ಬೇರೆ ಮಾಡಿ: ಉತ್ಕರ್ಷಣ ಸಂಖ್ಯೆಯನ್ನು ಚಿಹ್ನೆ ಮುಂದಿಟ್ಟು ಪರಮಾಣುವಿನ ತಲೆಯ ಮೇಲೆ, ಚಾರ್ಜನ್ನು ಅಂಕಿ ಮುಂದಿಟ್ಟು ಅಯಾನಿನ ಬಲ ಮೂಲೆಯಲ್ಲಿ.

### ಉತ್ತರ ಅನುಮಾನ ಹುಟ್ಟಿಸಿದರೆ

ಒಂದು ಕ್ರೋಮಿಯಂ, ಐದು ಆಕ್ಸಿಜನ್ ಇರುವ ಆಕ್ಸೈಡಿಗೆ ನಿಯಮ ಹಾಕಿ ನೋಡಿ. ಕ್ರೋಮಿಯಂ +10 ಬರುತ್ತದೆ. ಕ್ರೋಮಿಯಂನ ಹೊರಗೆ ಕೊಡಲು ಇರುವುದೇ ಆರು ಎಲೆಕ್ಟ್ರಾನ್. ಹತ್ತು ಎಲ್ಲಿಂದ ತರುತ್ತದೆ? ಹೀಗೆ ಒಂದು ಧಾತು ತನ್ನ ಗುಂಪಿಗೆ ಸಾಧ್ಯವಿರುವುದಕ್ಕಿಂತ ದೊಡ್ಡ ಸಂಖ್ಯೆ ತೋರಿಸಿದರೆ ಒಳಗೆ ಪೆರಾಕ್ಸೈಡ್ ಬಂಧ (ಆಕ್ಸಿಜನ್‌ಗೆ ಆಕ್ಸಿಜನ್ ನೇರವಾಗಿ ಅಂಟಿದ ಜೋಡಿ) ಇದೆ ಎಂದು ಅರ್ಥ. ಇಲ್ಲಿ ನಾಲ್ಕು ಆಕ್ಸಿಜನ್ ತಲಾ −1, ಒಂದು ಮಾತ್ರ −2. ಒಟ್ಟು −6, ಕ್ರೋಮಿಯಂ +6. ಕ್ಯಾರೋ ಆಮ್ಲದಲ್ಲಿ (2 ಹೈಡ್ರೋಜನ್, 1 ಸಲ್ಫರ್, 5 ಆಕ್ಸಿಜನ್) ಸಲ್ಫರ್ +8 ಬರುವುದೂ ಇದೇ ಕಾರಣಕ್ಕೆ. ಅಲ್ಲಿ ಎರಡು ಆಕ್ಸಿಜನ್ −1 ಎಂದು ಹಿಡಿದರೆ ಸಲ್ಫರ್ ತನ್ನ ಜಾಗಕ್ಕೆ, +6ಕ್ಕೆ ಬರುತ್ತದೆ.

ಭಿನ್ನರಾಶಿ ಬಂದರೆ ಗಾಬರಿ ಬೇಡ. ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್ ಇರುವ ಮ್ಯಾಗ್ನಟೈಟ್‌ನಲ್ಲಿ ಕಬ್ಬಿಣಕ್ಕೆ 8/3 ಬರುತ್ತದೆ. ಅದು ಸರಾಸರಿ. ನಿಜದಲ್ಲಿ ಒಂದು ಕಬ್ಬಿಣ +2, ಎರಡು +3. ಅಮೋನಿಯಂ ನೈಟ್ರೇಟ್‌ನಲ್ಲಿ ಮಾತ್ರ ಸರಾಸರಿ ನಂಬಬೇಡಿ. ಎರಡು ನೈಟ್ರೋಜನ್‌ಗೂ +1 ಎಂದು ಬರೆದರೆ ಅರ್ಥವೇ ಇಲ್ಲ. ಎರಡು ಅಯಾನುಗಳಾಗಿ ಬಿಡಿಸಿ: ಅಮೋನಿಯಂನಲ್ಲಿ −3, ನೈಟ್ರೇಟ್‌ನಲ್ಲಿ +5.

## ಹಂತ 2: ಎರಡು ಅರ್ಧ ಮಾಡುವುದು

ನಮ್ಮ ಮುಖ್ಯ ಉದಾಹರಣೆ: ಆಮ್ಲದಲ್ಲಿ ಡೈಕ್ರೋಮೇಟ್ ಮತ್ತು ಫೆರಸ್ ಅಯಾನು ಸೇರಿ ಕ್ರೋಮಿಯಂ(+3), ಫೆರಿಕ್ ಆಗುವುದು.

ಯಾವುದರ ಸಂಖ್ಯೆ ಏರಿತು, ಯಾವುದರದ್ದು ಇಳಿಯಿತು ನೋಡಿ. ಕಬ್ಬಿಣ +2ರಿಂದ +3ಕ್ಕೆ ಏರಿತು, ಅದು ಉತ್ಕರ್ಷಣ. ಕ್ರೋಮಿಯಂ +6ರಿಂದ +3ಕ್ಕೆ ಇಳಿಯಿತು, ಅದು ಅಪಕರ್ಷಣ. ಎರಡನ್ನೂ ಹಾಳೆಯ ಎರಡು ಬದಿಯಲ್ಲಿ ಬೇರೆ ಬೇರೆ ಬರೆಯಿರಿ:

ಡೈಕ್ರೋಮೇಟ್ → ಕ್ರೋಮಿಯಂ(+3)
ಫೆರಸ್ → ಫೆರಿಕ್

ಇಡೀ ಅಯಾನನ್ನು ಬರೆಯಬೇಕು. "ಕ್ರೋಮಿಯಂ +6 → ಕ್ರೋಮಿಯಂ +3" ಎಂದು ಪರಮಾಣುವನ್ನು ಕಿತ್ತು ಬರೆದರೆ ಆಕ್ಸಿಜನ್ ಲೆಕ್ಕ ಅಲ್ಲೇ ಕಳೆದುಹೋಗುತ್ತದೆ. ದ್ರಾವಣದಲ್ಲಿ +6 ಚಾರ್ಜಿನ ಒಂಟಿ ಕ್ರೋಮಿಯಂ ಅಯಾನು ಇರುವುದೂ ಇಲ್ಲ. ಪೊಟ್ಯಾಸಿಯಂ, ಸಲ್ಫೇಟ್ ಥರದ, ಸಂಖ್ಯೆ ಬದಲಾಗದೆ ಸುಮ್ಮನೆ ನಿಂತಿರುವ ಅಯಾನುಗಳನ್ನು ಪಕ್ಕಕ್ಕಿಡಿ.

ಯಾವ ಸಂಖ್ಯೆಯೂ ಬದಲಾಗದಿದ್ದರೆ ಅದು ರೆಡಾಕ್ಸ್ ಕ್ರಿಯೆಯೇ ಅಲ್ಲ. ಹಳದಿ ಕ್ರೋಮೇಟ್ ದ್ರಾವಣಕ್ಕೆ ಆಮ್ಲ ಹಾಕಿದರೆ ಕಿತ್ತಳೆ ಡೈಕ್ರೋಮೇಟ್ ಆಗುತ್ತದೆ. ಬಣ್ಣ ಬದಲಾಯಿತು, ಆದರೆ ಎರಡರಲ್ಲೂ ಕ್ರೋಮಿಯಂ +6. ಇಲ್ಲಿ ಎಲೆಕ್ಟ್ರಾನ್ ಹುಡುಕಲು ಹೋಗಬೇಡಿ.

## ಹಂತ 3: ಆಮ್ಲೀಯ ಮಾಧ್ಯಮದಲ್ಲಿ ಪ್ರತಿ ಅರ್ಧವನ್ನು ಸರಿದೂಗಿಸುವುದು

ಕ್ರಮ ಹೀಗೆ: ಮುಖ್ಯ ಪರಮಾಣು, ಆಮೇಲೆ ಆಕ್ಸಿಜನ್, ಆಮೇಲೆ ಹೈಡ್ರೋಜನ್, ಕಟ್ಟಕಡೆಗೆ ಎಲೆಕ್ಟ್ರಾನ್. ಇದನ್ನು ಹಿಂದುಮುಂದು ಮಾಡಬೇಡಿ.

1. ಮುಖ್ಯ ಪರಮಾಣು. ಎಡಗಡೆ ಎರಡು ಕ್ರೋಮಿಯಂ, ಬಲಗಡೆ ಒಂದು. ಬಲಕ್ಕೆ 2 ಹಾಕಿ. ಈ 2 ಮರೆತವರಿಗೇ ಕೊನೆಗೆ ಎಲೆಕ್ಟ್ರಾನ್ ಲೆಕ್ಕ ಹೊಂದುವುದಿಲ್ಲ.

2. ಆಕ್ಸಿಜನ್. ಎಡಗಡೆ ಏಳು. ಬಲಕ್ಕೆ 7 ನೀರು ಸೇರಿಸಿ. ಆಕ್ಸಿಜನ್ ಅನಿಲ ಸೇರಿಸಬೇಡಿ, ಬರೀ ಆಕ್ಸೈಡ್ ಅಯಾನನ್ನೂ ಸೇರಿಸಬೇಡಿ. ದ್ರಾವಣದಲ್ಲಿ ಕೈಗೆ ಸಿಗುವುದು ನೀರು.

3. ಹೈಡ್ರೋಜನ್. 7 ನೀರಿನಲ್ಲಿ 14 ಹೈಡ್ರೋಜನ್ ಬಂತು. ಎಡಕ್ಕೆ 14 ಹೈಡ್ರೋಜನ್ ಅಯಾನು ಸೇರಿಸಿ.

4. ಚಾರ್ಜ್. ಎಡ: −2 + 14 = +12. ಬಲ: 2 × (+3) = +6. ಎಲೆಕ್ಟ್ರಾನ್ ಋಣ ಚಾರ್ಜಿನದ್ದು, ಆದ್ದರಿಂದ ಚಾರ್ಜ್ ಹೆಚ್ಚಿರುವ ಕಡೆಗೆ ಹಾಕಬೇಕು. 12ರಿಂದ 6ಕ್ಕೆ ಇಳಿಸಲು 6 ಎಲೆಕ್ಟ್ರಾನ್.

ಡೈಕ್ರೋಮೇಟ್ + 14 ಹೈಡ್ರೋಜನ್ ಅಯಾನು + 6 ಎಲೆಕ್ಟ್ರಾನ್ → 2 ಕ್ರೋಮಿಯಂ(+3) + 7 ನೀರು

5. ತಾಳೆ ನೋಡುವುದು. ಕ್ರೋಮಿಯಂ +6ರಿಂದ +3ಕ್ಕೆ ಬಂತು, ಒಂದಕ್ಕೆ 3 ಎಲೆಕ್ಟ್ರಾನ್. ಇರುವುದು ಎರಡು ಕ್ರೋಮಿಯಂ, ಒಟ್ಟು 6. ಚಾರ್ಜ್ ಲೆಕ್ಕದಲ್ಲಿ ಬಂದದ್ದೂ 6. ಸರಿಹೋಯಿತು. 3ಕ್ಕೂ 6ಕ್ಕೂ ನಡುವಿನ ಗೊಂದಲ ಬಗೆಹರಿಯುವುದು ಈ ಸಾಲಿನಲ್ಲಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಕಬ್ಬಿಣದ ಅರ್ಧ ಸುಲಭ. ಎಡ +2, ಬಲ +3. ಬಲಕ್ಕೆ ಒಂದು ಎಲೆಕ್ಟ್ರಾನ್:

ಫೆರಸ್ → ಫೆರಿಕ್ + 1 ಎಲೆಕ್ಟ್ರಾನ್

ಅಪಕರ್ಷಣದ ಅರ್ಧದಲ್ಲಿ ಎಲೆಕ್ಟ್ರಾನ್ ಎಡಗಡೆ, ಉತ್ಕರ್ಷಣದ ಅರ್ಧದಲ್ಲಿ ಬಲಗಡೆ ಇರಬೇಕು. ಎರಡರಲ್ಲೂ ಒಂದೇ ಬದಿಗೆ ಬಂದಿದ್ದರೆ ಎಲ್ಲೋ ಚಿಹ್ನೆ ತಿರುಗಿದೆ.

## ಹಂತ 4: ಎರಡು ಅರ್ಧ ಜೋಡಿಸುವುದು

ಸಾಲ ಕೊಟ್ಟವನ ಪುಸ್ತಕದಲ್ಲೂ ತೆಗೆದುಕೊಂಡವನ ಪುಸ್ತಕದಲ್ಲೂ ಮೊತ್ತ ಒಂದೇ ಇರಬೇಕಲ್ವಾ? ಇಲ್ಲೂ ಹಾಗೇ. ಒಂದು ಅರ್ಧ 6 ಎಲೆಕ್ಟ್ರಾನ್ ಕೇಳುತ್ತಿದೆ, ಇನ್ನೊಂದು ಕೊಡುವುದು 1. ಕಬ್ಬಿಣದ ಇಡೀ ಸಾಲನ್ನು 6ರಿಂದ ಗುಣಿಸಿ, ಕೂಡಿ, ಎಲೆಕ್ಟ್ರಾನ್ ಹೊಡೆದುಹಾಕಿ.

ಡೈಕ್ರೋಮೇಟ್ + 6 ಫೆರಸ್ + 14 ಹೈಡ್ರೋಜನ್ ಅಯಾನು → 2 ಕ್ರೋಮಿಯಂ(+3) + 6 ಫೆರಿಕ್ + 7 ನೀರು

ಚಾರ್ಜ್ ನೋಡಿ. ಎಡ: −2 + 12 + 14 = +24. ಬಲ: +6 + 18 = +24. ಸರಿ. ಚಾರ್ಜ್ ಸೊನ್ನೆ ಆಗಲೇಬೇಕು ಎಂದುಕೊಂಡು ಇಲ್ಲದ ಅಯಾನು ತಂದು ತುರುಕುವವರಿದ್ದಾರೆ. ಸೊನ್ನೆ ಆಗಬೇಕಿಲ್ಲ, ಎರಡೂ ಬದಿ ಒಂದೇ ಆಗಿದ್ದರೆ ಸಾಕು.

ಪರಮಾಣು ಸರಿಯಾಗಿದೆ ಎಂದು ಅಲ್ಲಿಗೇ ನಿಲ್ಲಿಸುವುದೂ ತಪ್ಪು. ತಾಮ್ರವನ್ನು ಬೆಳ್ಳಿಯ ಅಯಾನುಗಳಿರುವ ದ್ರಾವಣಕ್ಕೆ ಹಾಕಿದಾಗ "ತಾಮ್ರ + ಬೆಳ್ಳಿ ಅಯಾನು → ತಾಮ್ರ(+2) + ಬೆಳ್ಳಿ" ಎಂದು ಬರೆದರೆ ಪರಮಾಣುಗಳೆಲ್ಲ ಸರಿ ಕಾಣುತ್ತವೆ. ಚಾರ್ಜ್ ಎಡಗಡೆ +1, ಬಲಗಡೆ +2. ಬೆಳ್ಳಿ ಅಯಾನು ಎರಡು ಬೇಕು.

## ಹಂತ 5: ಪ್ರತ್ಯಾಮ್ಲೀಯ ಮಾಧ್ಯಮ

ಇದಕ್ಕೆ ಬೇರೆ ವಿಧಾನ ಕಲಿಯುವ ಅಗತ್ಯವಿಲ್ಲ. ಮೊದಲು ಆಮ್ಲದಲ್ಲಿ ಮಾಡಿದ ಹಾಗೇ ಮಾಡಿ. ಆಮೇಲೆ ಎಷ್ಟು ಹೈಡ್ರೋಜನ್ ಅಯಾನು ಇದೆಯೋ ಅಷ್ಟು ಹೈಡ್ರಾಕ್ಸೈಡನ್ನು ಎರಡೂ ಬದಿಗೆ ಸೇರಿಸಿ. ಒಂದೇ ಬದಿಗೆ ಸೇರಿಸುವುದು ಈ ಹಂತದ ಅತಿ ದೊಡ್ಡ ತಪ್ಪು.

ಪರ್ಮ್ಯಾಂಗನೇಟ್ ಮ್ಯಾಂಗನೀಸ್ ಡೈಆಕ್ಸೈಡ್ ಆಗುವುದನ್ನು ನೋಡೋಣ. ಮೊದಲು ಆಮ್ಲದ ರೂಪ:

ಪರ್ಮ್ಯಾಂಗನೇಟ್ + 4 ಹೈಡ್ರೋಜನ್ ಅಯಾನು + 3 ಎಲೆಕ್ಟ್ರಾನ್ → ಮ್ಯಾಂಗನೀಸ್ ಡೈಆಕ್ಸೈಡ್ + 2 ನೀರು

ಮ್ಯಾಂಗನೀಸ್ +7ರಿಂದ +4ಕ್ಕೆ ಇಳಿದಿದೆ, 3 ಎಲೆಕ್ಟ್ರಾನ್, ತಾಳೆಯಾಯಿತು. ಈಗ ಎರಡೂ ಬದಿಗೆ 4 ಹೈಡ್ರಾಕ್ಸೈಡ್. ಎಡಗಡೆ ಅವು ಹೈಡ್ರೋಜನ್ ಅಯಾನುಗಳ ಜೊತೆ ಸೇರಿ 4 ನೀರಾಗುತ್ತವೆ. ಬಲಗಡೆ ಆಗಲೇ 2 ನೀರು ಇದೆ. ಎರಡೂ ಬದಿಯಿಂದ 2 ನೀರು ತೆಗೆದುಹಾಕಿ:

ಪರ್ಮ್ಯಾಂಗನೇಟ್ + 2 ನೀರು + 3 ಎಲೆಕ್ಟ್ರಾನ್ → ಮ್ಯಾಂಗನೀಸ್ ಡೈಆಕ್ಸೈಡ್ + 4 ಹೈಡ್ರಾಕ್ಸೈಡ್

ಇದರ ಜೊತೆ ಅಯೊಡೈಡ್ ಅಯೊಡಿನ್ ಆಗುವ ಅರ್ಧ (2 ಅಯೊಡೈಡ್ → ಅಯೊಡಿನ್ + 2 ಎಲೆಕ್ಟ್ರಾನ್) ಜೋಡಿಸಬೇಕಾದರೆ ಮೊದಲನೆಯದನ್ನು 2ರಿಂದ, ಎರಡನೆಯದನ್ನು 3ರಿಂದ ಗುಣಿಸಿ:

2 ಪರ್ಮ್ಯಾಂಗನೇಟ್ + 6 ಅಯೊಡೈಡ್ + 4 ನೀರು → 2 ಮ್ಯಾಂಗನೀಸ್ ಡೈಆಕ್ಸೈಡ್ + 3 ಅಯೊಡಿನ್ + 8 ಹೈಡ್ರಾಕ್ಸೈಡ್

ಎರಡೂ ಬದಿ −8. ಉತ್ತರದಲ್ಲಿ ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಎರಡೂ ಕಂಡರೆ ಕೆಲಸ ಇನ್ನೂ ಮುಗಿದಿಲ್ಲ.

### ಮಾಧ್ಯಮ ಯಾಕೆ ಅಷ್ಟು ಮುಖ್ಯ

ಒಂದೇ ಪರ್ಮ್ಯಾಂಗನೇಟ್ ಆಮ್ಲದಲ್ಲಿ ಬಣ್ಣವಿಲ್ಲದಂತೆ ಕಾಣುವ ಮ್ಯಾಂಗನೀಸ್(+2) ಆಗುತ್ತದೆ, ತಟಸ್ಥ ಅಥವಾ ಸಣ್ಣ ಪ್ರತ್ಯಾಮ್ಲದಲ್ಲಿ ಕಂದು ಡೈಆಕ್ಸೈಡ್ ಆಗುತ್ತದೆ, ಬಲವಾದ ಕ್ಷಾರದಲ್ಲಿ ಹಸಿರು ಮ್ಯಾಂಗನೇಟ್ ಆಗುತ್ತದೆ. ಎಲೆಕ್ಟ್ರಾನ್ ಕ್ರಮವಾಗಿ 5, 3, 1. ಪ್ರಶ್ನೆಯಲ್ಲಿ ಮಾಧ್ಯಮ ಯಾವುದು ಎಂದು ಓದದೆ ಶುರು ಮಾಡಿದರೆ ಉಳಿದ ಎಲ್ಲವನ್ನೂ ಸರಿ ಮಾಡಿದರೂ ಪ್ರಯೋಜನವಿಲ್ಲ.

ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೋರ್ಸ್ ಸಾಲ್ಟ್ (ಫೆರಸ್ ಅಯಾನು ಇರುವ ಲವಣ) ಟೈಟ್ರೇಷನ್ ಮಾಡುವಾಗ ಶಂಕುವಿನಾಕಾರದ ಫ್ಲಾಸ್ಕಿಗೆ ಸಾಕಷ್ಟು ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ ಹಾಕಿದ್ದರೆ ಬ್ಯುರೆಟ್ಟಿನಿಂದ ಬಿದ್ದ ನೇರಳೆ ಹನಿ ಬಿದ್ದಲ್ಲೇ ಮಾಯವಾಗುತ್ತದೆ. ಕೊನೆಗೆ ಒಂದು ಹನಿ ತಿಳಿ ಗುಲಾಬಿ ಬಣ್ಣ ಬಿಟ್ಟು ಹಾಗೇ ನಿಲ್ಲುತ್ತದೆ, ಅದೇ ಅಂತ್ಯಬಿಂದು. ಆಮ್ಲ ಕಡಿಮೆಯಾಗಿದ್ದರೆ ಕಂದು ಬಣ್ಣದ ಕದಡು ಏಳುತ್ತದೆ. ಮ್ಯಾಂಗನೀಸ್ +2 ತನಕ ಹೋಗದೆ +4ರಲ್ಲೇ ನಿಂತಿದೆ ಎಂಬ ಸೂಚನೆ ಅದು. ಆ ರೀಡಿಂಗ್ ಬರೆದುಕೊಳ್ಳಬೇಡಿ, ಹೊಸದಾಗಿ ಮಾಡಿ. 5 ಎಲೆಕ್ಟ್ರಾನ್ ಎಂದು ಹಿಡಿದು ಮಾಡುವ ಲೆಕ್ಕಕ್ಕೆ 3 ಎಲೆಕ್ಟ್ರಾನಿನ ಕ್ರಿಯೆ ಬೆರೆತರೆ ಸಾರತೆಯ ಉತ್ತರ ಸರಿಬರುವುದೇ ಇಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಇಲ್ಲಿ ಯಾಕೆ ಬೇಡ ಅನ್ನುವುದೂ ಇದೇ ಪಾಠದಿಂದ ತಿಳಿಯುತ್ತದೆ: ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ. ನೈಟ್ರಿಕ್ ಆಮ್ಲವಾದರೆ ತಾನೇ ಉತ್ಕರ್ಷಣಕಾರಿ.

## ಹಂತ 6: ಎಲ್ಲ ಸರಿ ಕಂಡರೂ ತಪ್ಪಿರುವ ಸಮೀಕರಣ

ಜಾಗರೂಕ ವಿದ್ಯಾರ್ಥಿಗಳೂ ಮೋಸ ಹೋಗುವ ಜಾಗ ಇದು. ಆಮ್ಲದಲ್ಲಿ ಪರ್ಮ್ಯಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಆಕ್ಸಿಜನ್ ಅನಿಲ (ಒಂದು ಅಣುವಿನಲ್ಲಿ ಎರಡು ಪರಮಾಣು) ಬರುತ್ತದೆ. ಊಹೆಯ ಮೇಲೆ ಅಂಕಿ ಹಾಕುತ್ತಾ ಹೋದವರು ಹೀಗೆ ಬರೆಯಬಹುದು:

2 ಪರ್ಮ್ಯಾಂಗನೇಟ್ + 1 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್(+2) + 3 ಆಕ್ಸಿಜನ್ + 4 ನೀರು

ಎಣಿಸಿ ನೋಡಿ. ಆಕ್ಸಿಜನ್ ಪರಮಾಣು ಎರಡೂ ಬದಿ 10. ಹೈಡ್ರೋಜನ್ 8. ಚಾರ್ಜ್ +4. ಎಲ್ಲವೂ ಸರಿ! ಆದರೂ ಸಮೀಕರಣ ತಪ್ಪು.

ಎಲೆಕ್ಟ್ರಾನ್ ಲೆಕ್ಕ ಕೇಳಿ. ಎರಡು ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯಲು 10 ಎಲೆಕ್ಟ್ರಾನ್ ಬೇಕು. ಒಂದು ಪೆರಾಕ್ಸೈಡಿನಲ್ಲಿ ಎರಡು ಆಕ್ಸಿಜನ್ −1ರಿಂದ ಸೊನ್ನೆಗೆ ಏರಿ ಕೊಡುವುದು ಬರೀ 2. ಉಳಿದ 8 ಎಲ್ಲಿಂದ ಬಂತು? −2 ಸ್ಥಿತಿಯಲ್ಲಿದ್ದ ಬೇರೆ ನಾಲ್ಕು ಆಕ್ಸಿಜನ್‌ಗಳು ಕೊಟ್ಟವು ಎಂದು ಆ ಸಮೀಕರಣ ಹೇಳುತ್ತಿದೆ. ನಿಜದಲ್ಲಿ ಹಾಗಾಗುವುದಿಲ್ಲ. ಹೊರಬರುವ ಆಕ್ಸಿಜನ್ ಪೂರ್ತಿ ಪೆರಾಕ್ಸೈಡಿನದ್ದೇ. ಅರ್ಧ ಕ್ರಿಯೆಯಿಂದ ಹೋದರೆ ಈ ಬಲೆಗೆ ಬೀಳುವ ಪ್ರಶ್ನೆಯೇ ಇಲ್ಲ:

ಪೆರಾಕ್ಸೈಡ್ → ಆಕ್ಸಿಜನ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್
ಪರ್ಮ್ಯಾಂಗನೇಟ್ + 8 ಹೈಡ್ರೋಜನ್ ಅಯಾನು + 5 ಎಲೆಕ್ಟ್ರಾನ್ → ಮ್ಯಾಂಗನೀಸ್(+2) + 4 ನೀರು

ಮೇಲಿನದು 5ರಿಂದ, ಕೆಳಗಿನದು 2ರಿಂದ. ಎಡಗಡೆಯ 16 ಹೈಡ್ರೋಜನ್ ಅಯಾನಿನಲ್ಲಿ 10 ಹೊಡೆದುಹೋಗಿ 6 ಉಳಿಯುತ್ತದೆ:

2 ಪರ್ಮ್ಯಾಂಗನೇಟ್ + 5 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್(+2) + 5 ಆಕ್ಸಿಜನ್ + 8 ನೀರು

ಪರಮಾಣು, ಚಾರ್ಜ್ ಎರಡನ್ನು ಮಾತ್ರ ನೋಡಿ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

## ಹಂತ 7: ಒಂದೇ ವಸ್ತು ಏರುವುದೂ ಇಳಿಯುವುದೂ

ಬಿಸಿ, ಗಾಢ ಕ್ಷಾರದಲ್ಲಿ ಕ್ಲೋರಿನ್ ಒಡೆದು ಕ್ಲೋರೈಡೂ ಆಗುತ್ತದೆ, ಕ್ಲೋರೇಟೂ (1 ಕ್ಲೋರಿನ್, 3 ಆಕ್ಸಿಜನ್, ಚಾರ್ಜ್ −1) ಆಗುತ್ತದೆ. ಎಡಗಡೆ ಕ್ಲೋರಿನ್ ಬಿಟ್ಟು ಬದಲಾಗುವ ವಸ್ತು ಬೇರೆ ಇಲ್ಲ. ಹೆದರಬೇಡಿ, ಕ್ಲೋರಿನ್ನನ್ನೇ ಎರಡು ಸಲ ಬರೆಯಿರಿ:

ಕ್ಲೋರಿನ್ + 2 ಎಲೆಕ್ಟ್ರಾನ್ → 2 ಕ್ಲೋರೈಡ್
ಕ್ಲೋರಿನ್ + 12 ಹೈಡ್ರಾಕ್ಸೈಡ್ → 2 ಕ್ಲೋರೇಟ್ + 6 ನೀರು + 10 ಎಲೆಕ್ಟ್ರಾನ್

ಮೊದಲನೆಯದನ್ನು 5ರಿಂದ ಗುಣಿಸಿ ಕೂಡಿದರೆ 6 ಕ್ಲೋರಿನ್, 12 ಹೈಡ್ರಾಕ್ಸೈಡ್, 10 ಕ್ಲೋರೈಡ್, 2 ಕ್ಲೋರೇಟ್, 6 ನೀರು. ಎಲ್ಲವೂ 2ರಿಂದ ಭಾಗವಾಗುತ್ತವೆ:

3 ಕ್ಲೋರಿನ್ + 6 ಹೈಡ್ರಾಕ್ಸೈಡ್ → 5 ಕ್ಲೋರೈಡ್ + ಕ್ಲೋರೇಟ್ + 3 ನೀರು

ಈ ಥರದ ಲೆಕ್ಕದಲ್ಲಿ ಕೊನೆಯ ಭಾಗಾಕಾರ ಮರೆಯುವುದು ಮಾಮೂಲಿ.

## ಕೈಯಾರೆ ಮಾಡಿ ನೋಡಲು

ಮೊದಲು ಉತ್ತರ ಮುಚ್ಚಿಟ್ಟು ಮಾಡಿ. ಕಷ್ಟ ಹೆಚ್ಚುತ್ತಾ ಹೋಗುತ್ತದೆ.

1. ಆಮ್ಲದಲ್ಲಿ ಪರ್ಮ್ಯಾಂಗನೇಟ್ ಮತ್ತು ಆಕ್ಸಲೇಟ್. ಕಾರ್ಬನ್ +3ರಿಂದ +4ಕ್ಕೆ ಏರುತ್ತದೆ, ಆದರೆ ಒಂದು ಆಕ್ಸಲೇಟಿನಲ್ಲಿ ಎರಡು ಕಾರ್ಬನ್ ಇದೆ. ಉತ್ತರ: 2 ಪರ್ಮ್ಯಾಂಗನೇಟ್, 5 ಆಕ್ಸಲೇಟ್, 16 ಹೈಡ್ರೋಜನ್ ಅಯಾನು, ಬಲಗಡೆ 2 ಮ್ಯಾಂಗನೀಸ್(+2), 10 ಕಾರ್ಬನ್ ಡೈಆಕ್ಸೈಡ್, 8 ನೀರು.

2. ಅಯೊಡಿನ್ ಮತ್ತು ಥಯೋಸಲ್ಫೇಟ್ ಸೇರಿ ಅಯೊಡೈಡ್, ಟೆಟ್ರಾಥಯೋನೇಟ್ (4 ಸಲ್ಫರ್, 6 ಆಕ್ಸಿಜನ್, ಚಾರ್ಜ್ −2). ಸಲ್ಫರ್ ಸರಾಸರಿ +2ರಿಂದ +2.5ಕ್ಕೆ ಹೋಗುತ್ತದೆ. ನಾಲ್ಕು ಸಲ್ಫರ್‌ಗೆ ತಲಾ ಅರ್ಧ, ಒಟ್ಟು 2 ಎಲೆಕ್ಟ್ರಾನ್. ಉತ್ತರ: 1 ಅಯೊಡಿನ್, 2 ಥಯೋಸಲ್ಫೇಟ್, ಬಲಗಡೆ 2 ಅಯೊಡೈಡ್, 1 ಟೆಟ್ರಾಥಯೋನೇಟ್.

3. ತಾಮ್ರ ಮತ್ತು ದುರ್ಬಲ ನೈಟ್ರಿಕ್ ಆಮ್ಲ ಸೇರಿ ತಾಮ್ರ(+2), ನೈಟ್ರಿಕ್ ಆಕ್ಸೈಡ್. ಉತ್ತರ: 3 ತಾಮ್ರ, 2 ನೈಟ್ರೇಟ್, 8 ಹೈಡ್ರೋಜನ್ ಅಯಾನು, ಬಲಗಡೆ 3 ತಾಮ್ರ(+2), 2 ನೈಟ್ರಿಕ್ ಆಕ್ಸೈಡ್, 4 ನೀರು.

4. ಕ್ಷಾರದಲ್ಲಿ ಅಲ್ಯೂಮಿನಿಯಂ ಮತ್ತು ನೈಟ್ರೇಟ್ ಸೇರಿ ಅಲ್ಯೂಮಿನೇಟ್ (1 ಅಲ್ಯೂಮಿನಿಯಂ, 4 ಹೈಡ್ರಾಕ್ಸೈಡ್ ಗುಂಪು, ಚಾರ್ಜ್ −1) ಮತ್ತು ಅಮೋನಿಯ. ನೈಟ್ರೋಜನ್ +5ರಿಂದ −3ಕ್ಕೆ ಇಳಿಯುತ್ತದೆ. 5 − 3 = 2 ಎಂದು ಕಳೆಯಬೇಡಿ, ಸೊನ್ನೆ ದಾಟಿ ಹೋಗಿದೆ, 8 ಎಲೆಕ್ಟ್ರಾನ್. ಅಲ್ಯೂಮಿನಿಯಂದು 3, ಸಮಾನ ಮೊತ್ತ 24. ಉತ್ತರ: 8 ಅಲ್ಯೂಮಿನಿಯಂ, 3 ನೈಟ್ರೇಟ್, 5 ಹೈಡ್ರಾಕ್ಸೈಡ್, 18 ನೀರು, ಬಲಗಡೆ 8 ಅಲ್ಯೂಮಿನೇಟ್, 3 ಅಮೋನಿಯ. ಚಾರ್ಜ್ ಎರಡೂ ಬದಿ −8, ಹೈಡ್ರೋಜನ್ 41, ಆಕ್ಸಿಜನ್ 32. ಬೇರೆ ಸಂಖ್ಯೆ ಬಂದಿದ್ದರೆ ಎರಡೂ ಅರ್ಧಗಳನ್ನು ಪ್ರತ್ಯೇಕವಾಗಿ ತಾಳೆ ನೋಡಿ. ಹೈಡ್ರಾಕ್ಸೈಡನ್ನು ಒಂದೇ ಬದಿಗೆ ಸೇರಿಸಿದ್ದೀರಾ ಎಂದು ಮೊದಲು ಹುಡುಕಿ.